ಕಡಲಿಲ್ಲದ ಊರಿನವರಿಗೆ ಹಡಗಿನ ಮೊದಲ ದಿನ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ, ತುಮಕೂರು ಇನ್ನೂ 10 ಕಿಲೋಮೀಟರಿನಷ್ಟು ದೂರವಿರುವಾಗಲೇ ಎದುರಾಗುವ ಹಿರೇಹಳ್ಳಿಯು ಸಮುದ್ರಯಾನದ ಕಥೆಯನ್ನು ತೊಡಗುವುದಕ್ಕೆ ತಕ್ಕ ಸ್ಥಳವೆಂದು ಮೇಲುನೋಟಕ್ಕೆ ಯಾರಿಗೂ ತೋರಲಾರದು. ಒಂದೆಡೆ ಕೈಗಾರಿಕಾ ಪ್ರದೇಶದ ತಗಡಿನ ಮಾಡುಗಳು, ಇನ್ನೊಂದೆಡೆ ತೋಟಗಾರಿಕಾ ಸಂಶೋಧನಾ ಕೇಂದ್ರದ ಹಲಸು ಮಾವುಗಳ ಹಸುರು, ಆಚೆಗೆ ದೇವರಾಯನದುರ್ಗದ ಬೆಟ್ಟಗಳ ನೀಲಿ ಅಂಚು. ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದ ಈ ನೆಲದಲ್ಲಿ ನಿಂತವನಿಗೆ ಪಡುಗಡಲೂ ದೂರ, ಮೂಡುಗಡಲೂ ದೂರ. ಹಾಗಿದ್ದರೂ ಆ ಬೆಟ್ಟದ ಮೇಲೆ ಬಿದ್ದ ಮಳೆನೀರು ಜಯಮಂಗಲಿಯಾಗಿ ಬಡಗಣಕ್ಕೆ ಹರಿದು ಉತ್ತರ ಪಿನಾಕಿನಿಯನ್ನೂ, ಶಿಂಷೆಯಾಗಿ ತೆಂಕಣಕ್ಕೆ ಹರಿದು ಕಾವೇರಿಯನ್ನೂ ಸೇರಿ, ಎರಡು ದಾರಿಗಳಿಂದ ಕಡೆಗೆ ಒಂದೇ ಕಡಲನ್ನು ಮುಟ್ಟುವುದು. ನೀರಿಗೆ ಆದಿಯಿಂದಲೂ ಇದ್ದ ಈ ಸ್ವಾತಂತ್ರ್ಯವು ಈ ಸೀಮೆಯ ಮನುಷ್ಯನಿಗೆ ದೊರೆತದ್ದು ಬಹು ತಡವಾಗಿ. ಅವನ ಹೆಂಡತಿಗೆ ದೊರೆತದ್ದು ಅದಕ್ಕಿಂತಲೂ ತಡವಾಗಿ. ಗಂಡಹೆಂಡಿರು ಜೊತೆಯಾಗಿ ಹಡಗಿನ ಏಣಿಯನ್ನು ಹತ್ತಿ, ದಡವು ಹಿಂದೆ ಸರಿಯುವುದನ್ನು ಒಂದೇ ಕಟಕಟೆಗೆ ಒರಗಿ ನೋಡುವ ಆ ಮೊದಲ ದಿನಕ್ಕೆ ನಮ್ಮಲ್ಲಿ ಒಂದು ಇತಿಹಾಸವುಂಟು.

ನಮ್ಮ ನುಡಿಯೇನೋ ಕಡಲನ್ನು ಅರಿಯದ ನುಡಿಯಲ್ಲ. ಹಳಗನ್ನಡದ ಪಡಗು ಇಂದಿನ ಹಡಗಾಯಿತು. ಬಹಿತ್ರ, ನಾವೆ ಎಂಬ ಪದಗಳನ್ನು ಕವಿಗಳು ಬಳಸಿದರು. ಕರಾವಳಿಯವರ ಬಾಯಲ್ಲಿ ಮಂಜಿ, ಮಚವೆ, ಪಾತೆಮಾರಿಗಳು ಇಂದಿಗೂ ಬಾಳುತ್ತಿವೆ. ಆದರೆ ಘಟ್ಟದ ಮೇಲಣವನ ನಾವೆಯೆಂದರೆ ಹರಿಗೋಲು. ಅವನ ಪಾಲಿಗೆ ನೀರಿನ ಹರವಿನ ಪರಮಾವಧಿಯೆಂದರೆ ಜನಪದರು ಹಾಡಿ ಹೊಗಳಿದ ಕುಣಿಗಲ್ಲಿನ ಕೆರೆ. ಭಟ್ಕಳ ಹೊನ್ನಾವರಗಳ ಬಂದರುಗಳಲ್ಲಿ ಇಳಿದು ವಿಜಯನಗರದ ಲಾಯಗಳನ್ನು ತುಂಬಿದ ಅರಬ್ಬೀ ಕುದುರೆಗಳು ಘಟ್ಟವನ್ನೇರಿ ಒಳನಾಡಿಗೆ ಬಂದವು. ಮನುಷ್ಯನು ಆ ಹಾದಿಯಲ್ಲಿ ಇಳಿದು ಕಡಲನ್ನು ಸೇರುವುದು ಮಾತ್ರ ಅಪರೂಪವಾಗಿದ್ದಿತು.

ದೂರವೊಂದೇ ಇದಕ್ಕೆ ಕಾರಣವಲ್ಲ. ಬೌಧಾಯನನು ಒಂದೆಡೆ ಸಮುದ್ರಯಾನವನ್ನು ಉತ್ತರದೇಶದವರ ವಿಶೇಷಾಚಾರಗಳಲ್ಲಿ ಒಂದೆಂದು ಎಣಿಸಿ, ಇನ್ನೊಂದೆಡೆ ಪತನೀಯ ಕರ್ಮಗಳ ಸಾಲಿನ ಮೊದಲಲ್ಲಿಯೇ ಅದನ್ನಿಟ್ಟನು; ಮನುವು ಶ್ರಾದ್ಧಕ್ಕೆ ಕರೆಯಬಾರದವರೊಡನೆ ಸಮುದ್ರಯಾಯಿಯನ್ನೂ ಸೇರಿಸಿದನು; ತರುವಾಯದ ನಿಬಂಧಕಾರರು ಕಲಿವರ್ಜ್ಯಗಳಲ್ಲಿ ಅದನ್ನು ಹೇಳಿ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿದರು. ಈ ನಿಷೇಧವು ದ್ವಿಜರಿಗೆ, ಅವರಲ್ಲಿಯೂ ವಿಶೇಷವಾಗಿ ಬ್ರಾಹ್ಮಣರಿಗೆ ತಗುಲಿದುದಾದರೂ ಅದರ ನೆರಳು ಊರ ತುಂಬ ಹರಡಿದ್ದಿತು. ಅಂಜಿಕೆಯ ಮೂಲವು ನೀರಿನಲ್ಲಿರದೆ ಅನ್ನದಲ್ಲಿದ್ದಿತೆಂದು ನನಗೆ ತೋರುವುದು. ಹಡಗಿನ ಮೇಲೆ ಯಾರು ಬೇಯಿಸಿದ್ದು, ಯಾವ ಪಾತ್ರೆಯಲ್ಲಿ, ಯಾವ ನೀರಿನಲ್ಲಿ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ; ಉತ್ತರವಿಲ್ಲದ ಊಟವನ್ನು ಉಂಡವನಿಗೆ ಮನೆಯ ಪಂಕ್ತಿಯಲ್ಲಿ ಎಡೆಯಿರಲಿಲ್ಲ. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಹೊರಟ ಜಯಪುರದ ಮಹಾರಾಜನು ಒಲಿಂಪಿಯಾ ಎಂಬ ಹಡಗನ್ನೇ ಗೊತ್ತುಮಾಡಿ, ಆಳೆತ್ತರದ ಬೆಳ್ಳಿಯ ಹಂಡೆಗಳಲ್ಲಿ ಗಂಗೋದಕವನ್ನು ತುಂಬಿಸಿಕೊಂಡು ಹೋದುದು ಈ ಪ್ರಶ್ನೆಗೆ ಒಬ್ಬ ಅರಸನು ಕೊಡಬಹುದಾದ ಉತ್ತರ. ಗುಬ್ಬಿಯ ಶಾನುಭೋಗನಿಗೆ ಅದು ದಕ್ಕುವಂಥದಲ್ಲ. ಆದರೆ ಆ ಶಾನುಭೋಗನ ಅಡುಗೆಮನೆಯಲ್ಲಿದ್ದ ಮೆಣಸಿನಕಾಯಿಯೂ, ಹಿತ್ತಿಲಿನ ಸೀಬೆಯೂ, ಹೆಸರಿನಲ್ಲಿಯೇ ತನ್ನ ಮೂಲವನ್ನು ಹೊತ್ತ ಪರಂಗಿ ಹಣ್ಣೂ ಹಡಗೇರಿ ಬಂದವುಗಳೇ. ಅವುಗಳಿಗೆ ಯಾರೂ ಪ್ರಾಯಶ್ಚಿತ್ತವನ್ನು ಕೇಳಲಿಲ್ಲ.

ಈ ಕಟ್ಟಿನಲ್ಲಿ ಹೆಂಡತಿಯ ಸ್ಥಾನ ಯಾವುದು? ಗಂಡನು ಕಡಲು ದಾಟಿ ಬಂದರೆ ಪಂಚಗವ್ಯ, ಪುಣ್ಯಾಹ, ತೀರ್ಥಸ್ನಾನಗಳಿಂದ ಅವನನ್ನು ಮರಳಿ ಒಳಗೆ ಸೇರಿಸಿಕೊಳ್ಳಬಹುದಾಗಿದ್ದಿತು. ಆದರೆ ಹಾಗೆ ಸೇರಿಸಿಕೊಳ್ಳುವುದಕ್ಕೆ ಒಂದು ಮನೆ ಕೆಡದೆ ಉಳಿದಿರಬೇಕಷ್ಟೆ. ಆ ಉಳಿಸುವ ಕೆಲಸ ಹೆಂಡತಿಯದಾಯಿತು. ಅವಳು ಒಲೆಯನ್ನೂ ಮಡಿಯನ್ನೂ ಕಾದಳು. ಅವನು ಲೋಕವನ್ನು ನೋಡಿದನು. ಹಡಗಿನ ಮೊದಲ ದಿನದ ಸಂಭ್ರಮ ಭಯಗಳಲ್ಲಿ ಅವಳಿಗೆ ಸಂದ ಪಾಲೆಂದರೆ, ಏಡನ್ನಿನಿಂದಲೋ ಪೋರ್ಟ್ ಸೈದಿನಿಂದಲೋ ಬಂದ ಕಾಗದವನ್ನು ಓದಬಲ್ಲವರಿಂದ ಓದಿಸಿ ಕೇಳುವುದು ಮಾತ್ರ.

ಕರಾವಳಿಯಲ್ಲಿ ಇದಕ್ಕಿಂತ ಹಳೆಯ ಒಂದು ದಾಂಪತ್ಯದ ಕಥೆ ಉಳಿದುಬಂದಿದೆ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಟ್ಯುನೀಸಿಯಾದ ಕಡೆಯಿಂದ ಬಂದು ಮಂಗಳೂರಿನಲ್ಲಿ ನೆಲಸಿ, 1132ರ ಅಕ್ಟೋಬರಿನಲ್ಲಿ ಅಶು ಎಂಬ ತುಳುನಾಡಿನ ದಾಸಿಯನ್ನು ಬಿಡುಗಡೆಗೊಳಿಸಿದ ಪತ್ರವನ್ನು ಬರೆಯಿಸಿದನು. ಅವಳಿಂದ ಅವನಿಗೆ ಮಕ್ಕಳಾದವು. 1149ರಲ್ಲಿ ಅವನು ಮಕ್ಕಳೊಡನೆ ಏಡನ್ನಿಗೆ ಹಿಂದಿರುಗಿದನು. ಕೈರೋ ನಗರದ ಹಳೆಯ ಯಹೂದಿ ಮಂದಿರದ ಪತ್ರರಾಶಿಯಲ್ಲಿ ದೊರೆತ ಅವನ ಕಾಗದಗಳು ಅಡಕೆ, ಮೆಣಸು, ಕಂಚಿನ ಪಾತ್ರೆಗಳ ಲೆಕ್ಕವನ್ನು ವಿವರವಾಗಿ ಹೇಳುವುವು. ಅಶುವು ಆ ಹಡಗನ್ನು ಹತ್ತಿದಳೆಂದು ಅವು ಎಲ್ಲಿಯೂ ಹೇಳುವುದಿಲ್ಲ.

ಘಟ್ಟದ ಮೇಲೆ, ನಮ್ಮ ತುಮಕೂರು ಸೀಮೆಗೆ, ಕಡಲಿನ ವಾರ್ತೆಯನ್ನು ದಂಪತಿಗಳ ರೂಪದಲ್ಲಿ ತಂದವರು ಪಾದ್ರಿಗಳು. ವೆಸ್ಲಿಯನ್ ಮಿಷನ್ನಿನವರು 1837ರಲ್ಲಿ ಗುಬ್ಬಿಯಲ್ಲಿ ಠಾಣೆ ಹಾಕಿದರು. 1839ರಲ್ಲಿ ಅಲ್ಲಿಗೆ ಬಂದ ತರುಣ ವಿಲಿಯಂ ಆರ್ಥರನು ಕಣ್ಣಿನ ಬೇನೆಯಿಂದ ಬೇಗ ಹಿಂದಿರುಗಬೇಕಾಗಿ ಬಂದರೂ, 1847ರಲ್ಲಿ ಮೈಸೂರು ಸೀಮೆಯ ಅನುಭವಗಳ ಗ್ರಂಥವೊಂದನ್ನು ಅಚ್ಚುಹಾಕಿಸಿದನು. ಸುಯೆಜ್ ಕಾಲುವೆ 1869ರಲ್ಲಿ ತೆರೆಯುವುದಕ್ಕೆ ಮುಂಚೆ, ಆಫ್ರಿಕದ ತುದಿಯನ್ನು ಸುತ್ತಿ ಹಾಯಿಹಡಗಿನಲ್ಲಿ ಬರುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದಿತು. ಎಷ್ಟೋ ಮಂದಿ ಪಾದ್ರಿಗಳಿಗೂ ಅವರ ನವವಧುಗಳಿಗೂ ಹಡಗಿನ ಮೊದಲ ದಿನವೇ ಸಂಸಾರದ ಮೊದಲ ದಿನಗಳಲ್ಲಿ ಒಂದಾಗಿದ್ದಿತು. ಬಂದರುಕಟ್ಟೆಯಿಲ್ಲದ ಮದರಾಸಿನಲ್ಲಿ ಹಡಗು ದೂರದಲ್ಲಿಯೇ ಲಂಗರು ಹಾಕಿದರೆ, ಮೊಳೆಯಿಲ್ಲದೆ ನಾರಿನಿಂದ ಹೊಲಿದ ಮಸೂಲಾ ದೋಣಿಗಳಲ್ಲಿ ಮೊರೆವ ಅಲೆಗಳ ಮೇಲೆ ಕುಳಿತು ದಡ ಸೇರಿ, ಅಲ್ಲಿಂದ ಪಲ್ಲಕ್ಕಿಯಲ್ಲಿ ಮೈಸೂರು ಸೀಮೆಯನ್ನು ಏರಬೇಕಾಗಿದ್ದಿತು. ಹಾಗೆ ಬಂದವರಲ್ಲಿ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ದಂಪತಿಗಳನ್ನು ಕನ್ನಡಿಗನಾದವನು ನೆನೆಯದಿರಲಾರನು. 1837ರಲ್ಲಿ ಬೆಂಗಳೂರಿನಲ್ಲಿ ಅವರಿಗೆ ಜನಿಸಿದ ಮಗನೇ ಬಿ. ಎಲ್. ರೈಸ್; ಹೊಲಗದ್ದೆಗಳಲ್ಲಿ ಅನಾಥವಾಗಿ ನಿಂತಿದ್ದ ನಮ್ಮ ವೀರಗಲ್ಲುಗಳ, ದಾನಶಾಸನಗಳ ಅಕ್ಷರಗಳನ್ನು ಓದಿಸಿ, 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಹೊರತಂದ ಆ ಮಹನೀಯ. ಅವನ ತಾಯಿ ಕಡಲನ್ನು ದಾಟಿ ಬಂದಿರದಿದ್ದರೆ ನಮ್ಮ ಕಲ್ಲುಗಳಲ್ಲಿ ಎಷ್ಟು ಮೌನವಾಗಿ ಉಳಿದುಹೋಗುತ್ತಿದ್ದವೋ!

ಆದರೆ ಪಾದ್ರಿಗಳು ಹೊರಗಿನಿಂದ ಬಂದವರು. ನಮ್ಮ ನೆಲದಲ್ಲಿಯೇ ಹುಟ್ಟಿ, ಗಂಡಹೆಂಡಿರು ಜೊತೆಯಾಗಿ, ಸಾಮಾನ್ಯ ಗೃಹಸ್ಥರಾಗಿ, ತಲೆಮಾರಿನಿಂದ ತಲೆಮಾರಿಗೆ ಸಾಗರವನ್ನು ದಾಟಿದವರು ಯಾರೆಂದು ಕೇಳಿದರೆ, ಈ ಪ್ರಶ್ನೆಯನ್ನು ಎತ್ತಿದವರು ಮೊದಲು ನೆನೆಯಬೇಕಾದವರೂ ಬಹುಮಟ್ಟಿಗೆ ಮರೆತಿರುವವರೂ ಹಜ್ ಯಾತ್ರಿಕರು. ಶಿರಾ, ತುಮಕೂರು, ಗುಬ್ಬಿ, ಕುಣಿಗಲ್ಲುಗಳಲ್ಲಿ ಬಾಳುತ್ತ ಬಂದಿರುವ ಮುಸಲ್ಮಾನ ಮನೆತನಗಳಿಗೆ ಕಡಲು ನಿಷೇಧವಾಗಿರಲಿಲ್ಲ, ಕರ್ತವ್ಯದ ದಾರಿಯಾಗಿದ್ದಿತು; ಹೆಂಗಸು ಹೋಗುವುದಾದರೆ ಗಂಡನೋ ಹತ್ತಿರದ ಬಂಧುವೋ ಜೊತೆಗಿರಬೇಕೆಂಬ ಅವರ ನಿಯಮವೇ ಆ ಯಾತ್ರೆಯನ್ನು ದಂಪತಿಗಳ ಯಾತ್ರೆಯಾಗಿ ಮಾಡಿತು. ಹೊರಡುವುದಕ್ಕೆ ಮುಂಚೆ ಊರಿನವರ ಬಳಿಗೆಲ್ಲ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಮಾಫಿಯನ್ನು ಬೇಡುವರು, ಸಾಲವನ್ನು ತೀರಿಸುವರು, ಪೆಟ್ಟಿಗೆಯಲ್ಲಿ ಅಕ್ಕಿಬೇಳೆಗಳ ಮೇಲೆ ಶವಕ್ಕೆ ಹೊದಿಸುವ ಕಫನಿನ ಬಟ್ಟೆಯನ್ನೂ ಮಡಿಸಿಡುವರು, ಮರಳುವ ಭರವಸೆ ಯಾರಿಗೂ ಇಲ್ಲದಿದ್ದ ಕಾಲ ಅದು. ಮುಂಬಯಿಯ ಮುಸಾಫಿರಖಾನೆಯಲ್ಲಿ ದಿನಗಳನ್ನು ಕಳೆದು, ದೇವಿ ಕಾಲರಾಗಳ ಚುಚ್ಚುಮದ್ದನ್ನು ಹಾಕಿಸಿಕೊಂಡು, ಮೊಗಲ್ ಲೈನಿನ ಹಡಗನ್ನೇರಿದರೆ, ಡೆಕ್ಕಿನ ಯಾತ್ರಿಕನಿಗೆ ದೊರೆಯುತ್ತಿದ್ದುದು ಒಂದು ಚಾಪೆಯ ಅಗಲ. ಆ ಚಾಪೆಯೇ ಮನೆ, ಆ ಟ್ರಂಕೇ ಗೋಡೆ. ದಡ ಕಣ್ಮರೆಯಾಗುವ ಹೊತ್ತಿಗೆ ಬಾಂಗು ಏಳುವುದು. ನಮಾಜಿಗೆ ಮುಖಮಾಡಬೇಕಾದ ಕಿಬ್ಲಾ ಯಾವ ಕಡೆಯೆಂದು ಕಪ್ತಾನನ ದಿಕ್ಸೂಚಿಯಿಂದ ತಿಳಿದು ಸಾಲುಗಟ್ಟುವರು. ಅಷ್ಟರಲ್ಲಿ ಅಲೆಯ ತೂಗಾಟಕ್ಕೆ ಹೊಟ್ಟೆ ತೊಳಸಿ ಅರ್ಧದಷ್ಟು ಮಂದಿ ಮಲಗಿಬಿಡುವರು. ಕೆಂಪುಸಮುದ್ರದಲ್ಲಿ ಯಲಮ್‌ಲಮ್ ಎಂಬ ಯಾತ್ರಾದೀಕ್ಷೆಯ ಸ್ಥಾನಕ್ಕೆ ಎದುರಾದಾಗ ಕಪ್ತಾನನು ಹಡಗಿನ ಕೂಗು ಹಾಕಿಸುತ್ತಿದ್ದನು, ಗಂಡಸರು ಹೊಲಿಗೆಯಿಲ್ಲದ ಎರಡು ಬಿಳಿಯ ವಸ್ತ್ರಗಳನ್ನು ಉಡುತ್ತಿದ್ದರು. ತೆಂಗಿನ ತೋಟವನ್ನೂ ರಾಗಿಯ ಕಣವನ್ನೂ ಬಿಟ್ಟು ಬೇರೊಂದನ್ನು ಕಾಣದಿದ್ದ ಹೆಂಗಸು, ವಿಲಾಯಿತಿಗೆ ಹೋಗಿಬಂದ ವಕೀಲನ ಹೆಂಡತಿಗಿಂತ ಮುಂಚೆ, ಗಂಡನ ಪಕ್ಕದಲ್ಲಿ ಕುಳಿತು, ಸೂರ್ಯನು ನೀರಿನೊಳಗೆ ಇಳಿಯುವುದನ್ನು ನೋಡಿದ್ದಳು. ನಮ್ಮ ಪ್ರವಾಸ ಸಾಹಿತ್ಯದ ಚರಿತ್ರೆಯಲ್ಲಿ ಅವಳಿಗೆ ಸ್ಥಳವಿಲ್ಲದಿರುವುದು ನನಗೆ ಬಹಳ ನೋವಿನ ಸಂಗತಿ. 1995ರಲ್ಲಿ ಮುಂಬಯಿ–ಜಿದ್ದಾ ಹಡಗುಗಳು ನಿಂತು, ಯಾತ್ರೆಯೆಲ್ಲ ವಿಮಾನದ ಪಾಲಾಯಿತು.

ಇತರರ ಮನೆಗಳಲ್ಲಿ ಬಾಗಿಲು ನಿಧಾನವಾಗಿ ಸಡಿಲಿತು. ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರರು 1885ರಲ್ಲಿ ಭಾರತದ ಪರವಾಗಿ ಮಾತನಾಡಲು ಇಂಗ್ಲೆಂಡಿಗೆ ಹೋದರು. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋದರು. 1888ರಲ್ಲಿ ಜಾತಿಯಿಂದ ಹೊರಗಾಗಿ ಒಬ್ಬರೇ ಹಡಗೇರಿದ ಗಾಂಧೀಜಿ, 1896ರ ಕೊನೆಯಲ್ಲಿ ಕಸ್ತೂರಬಾ ಅವರನ್ನೂ ಮಕ್ಕಳನ್ನೂ ಕರೆದುಕೊಂಡು ಕೋರ್ಲೆಂಡ್ ಎಂಬ ಹಡಗಿನಲ್ಲಿ ಡರ್ಬನ್ನಿಗೆ ಹೊರಟಾಗ, ನಾಗರಿಕರೆನ್ನಿಸಿಕೊಳ್ಳಬೇಕೆಂದು ಹೆಂಡತಿಗೆ ಪಾರಸಿ ರೀತಿಯ ಸೀರೆಯನ್ನುಡಿಸಿ, ಕಾಲುಚೀಲ ಬೂಟುಗಳನ್ನು ತೊಡಿಸಿ, ಮುಳ್ಳುಚಮಚಗಳ ಬಳಕೆಯನ್ನು ಕಲಿಸಿದುದನ್ನು ತಮ್ಮ ಆತ್ಮಕಥೆಯಲ್ಲಿ ನೋವಿನಿಂದಲೇ ಬರೆದಿದ್ದಾರೆ. ಎಂದೂ ಬೂಟು ಕಾಣದ ಆ ತಾಯಿಯ ಪಾದಗಳು ಮೊದಲ ದಿನ ಹಡಗಿನ ಹಲಗೆಯ ಮೇಲೆ ಪಟ್ಟಿರಬಹುದಾದ ಪಾಡನ್ನು ನೆನೆದರೆ ಮನಸ್ಸು ಕರಗುವುದು.

ನಮ್ಮ ನಾಡಿನ ದಂಪತಿಗಳೆಂದು ಎದೆ ತುಂಬಿ ಹೇಳಬಹುದಾದವರಲ್ಲಿ ಮಂಗಳೂರಿನ ರಾಧಾಬಾಯಿಯವರೂ ಅವರ ಪತಿ ಪಿ. ಸುಬ್ಬರಾಯನ್ನರೂ ಸೇರಿದ್ದಾರೆ. ಅಸ್ಪೃಶ್ಯರಿಗಾಗಿ ಶಾಲೆ ತೆರೆದು ಸ್ವಜನರ ಬಹಿಷ್ಕಾರವನ್ನು ಸಹಿಸಿದ ಕುದ್ಮುಲ್ ರಂಗರಾಯರ ಮಗಳು ಆಕೆ. ಸೇಲಂ ಸೀಮೆಯ ಕುಮಾರಮಂಗಲದ ಜಮೀನುದಾರ ಆತ. 1912ರಲ್ಲಿ ಜಾತಿಯ ಗಡಿಯನ್ನು ಮೀರಿ ಮದುವೆಯಾದ ಈ ಇಬ್ಬರೂ ಆಕ್ಸ್‌ಫರ್ಡಿನಲ್ಲಿ ಓದಿದರು. 1916ರಲ್ಲಿ, ಯುದ್ಧದ ನಡುವೆ, ಅವರ ಮಗ ಮೋಹನನು ಲಂಡನ್ನಿನಲ್ಲಿ ಹುಟ್ಟಿದನು. ತಂದೆಯ ಮನೆಯಲ್ಲಿಯೇ ಒಂದು ಬಗೆಯ ಬಹಿಷ್ಕಾರವನ್ನು ಕಂಡು ಬೆಳೆದವಳಿಗೆ ಸಾಗರದ ಬಹಿಷ್ಕಾರ ಅಂಜಿಕೆಯನ್ನು ಹುಟ್ಟಿಸಲಿಲ್ಲ. 1930ರ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಮಹಿಳಾ ಪ್ರತಿನಿಧಿಗಳಲ್ಲಿ ಆಕೆ ಒಬ್ಬರು. ಅದೇ ವರ್ಷ, ಮುಂದೆ ಬೆಂಗಳೂರಿನವರೇ ಆಗಿಹೋದ ಸಿ. ವಿ. ರಾಮನ್ನರು ನೊಬೆಲ್ ಪ್ರಶಸ್ತಿಯ ಘೋಷಣೆಗೆ ತಿಂಗಳುಗಳ ಮುಂಚೆಯೇ ತಮಗೂ ಪತ್ನಿ ಲೋಕಸುಂದರಿಯವರಿಗೂ ಹಡಗಿನ ಟಿಕೆಟ್ಟುಗಳನ್ನು ಕಾದಿರಿಸಿದ್ದರು. 1921ರಲ್ಲಿ ನಾರ್ಕುಂಡಾ ಹಡಗಿನಿಂದ ಕಡಲಿನ ನೀಲಿಯನ್ನು ಒಬ್ಬರೇ ನೋಡಿ ವಿಸ್ಮಿತರಾಗಿದ್ದವರು, ಆ ನೀಲಿಯಿಂದ ಮೊದಲಾದ ಕೀರ್ತಿಯನ್ನು ಪಡೆಯಲು ಹೋಗುವಾಗ ಸಹಧರ್ಮಿಣಿಯನ್ನು ಬಿಟ್ಟುಹೋಗಲಿಲ್ಲ.

ಆ 1930ರ ದಶಕದ ಯಾತ್ರೆಯನ್ನೇ ಸ್ವಲ್ಪ ಬಿಡಿಸಿ ನೋಡಬೇಕು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದ ಮೀಟರ್ ಗೇಜ್ ಹಳಿಯು ಮುಂದೆ ಗುಬ್ಬಿ, ತಿಪಟೂರು, ಹರಿಹರ, ಹುಬ್ಬಳ್ಳಿಗಳನ್ನು ದಾಟಿ ಪುಣೆಯವರೆಗೂ ಹಬ್ಬಿದ್ದಿತು. ಹಿರೇಹಳ್ಳಿಯ ಕಡೆಯ ವಿದ್ಯಾವಂತ ದಂಪತಿಗಳಿಬ್ಬರನ್ನು ಮನಸ್ಸಿನಲ್ಲಿ ಆ ರೈಲಿಗೆ ಹತ್ತಿಸೋಣ. ಪುಣೆಯಲ್ಲಿ ದೊಡ್ಡ ಗಾಡಿಗೆ ಬದಲಿಸಿ, ಘಟ್ಟವನ್ನಿಳಿದು, ಮುಂಬಯಿಯ ಬಲ್ಲಾರ್ಡ್ ಪಿಯರಿಗೆ ಅವರನ್ನು ಮುಟ್ಟಿಸೋಣ. ಕಟ್ಟೆಗೆ ಒರಗಿ ನಿಂತಿರುವುದು ಪಿ. ಅಂಡ್ ಓ. ಕಂಪೆನಿಯ ಸ್ಟ್ರಾತ್‌ನೇವರ್: 1931ರಲ್ಲಿ ಸಂಚಾರಕ್ಕಿಳಿದ, 22000 ಟನ್ನಿಗೂ ಮಿಕ್ಕಿದ, ಬಿಳಿಯ ಮೈಯ, ಹಳದಿಯ ಮೂರು ಹೊಗೆಕೊಳವೆಗಳ ಮಹಾನೌಕೆ. ಹರಿಗೋಲನ್ನು ಬಲ್ಲ ಕಣ್ಣಿಗೆ ಅದು ನಾವೆಯಾಗಿ ತೋರುವುದೇ ಇಲ್ಲ. ನೀರಿನ ಅಂಚಿನಲ್ಲಿ ಎದ್ದು ನಿಂತ ಒಂದು ಪೇಟೆಯಾಗಿ ತೋರುವುದು. ಡಾಕ್ಟರನು ನಾಡಿಯನ್ನು ಮುಟ್ಟಿ ಬಿಡುವನು. ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದು. ಇಳಿಜಾರಿನ ಏಣಿಯ ಮೇಲೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ, ಹಗ್ಗವನ್ನು ಇನ್ನೊಂದು ಕೈಯಲ್ಲಿ ಹಿಡಿದು ಆಕೆ ಹತ್ತುವಳು.

ಒಳಗೆ, ಬಿಳಿಯ ಕೋಟು ತೊಟ್ಟ ಗೋವೆಯ ಸೇವಕನು ಅವರನ್ನು ಓಣಿಗಳ ಚಕ್ರವ್ಯೂಹದಲ್ಲಿ ನಡೆಸಿಕೊಂಡು ಹೋಗಿ ಕೋಣೆಯ ಬಾಗಿಲನ್ನು ತೆರೆಯುವನು: ಒಂದರ ಮೇಲೊಂದು ಎರಡು ಮಂಚ, ಮುಖ ತೊಳೆಯುವ ಬೋಗುಣಿ, ದುಂಡನೆಯ ಒಂದು ಕಿಟಕಿ. ಕೂಡುಕುಟುಂಬದಲ್ಲಿ ಮದುವೆಯಾದಂದಿನಿಂದ ಹತ್ತಾರು ಜನರ ನಡುವೆ ಬಾಳಿದವರಿಗೆ, ತಮ್ಮಿಬ್ಬರಿಗೆಂದೇ ಬೀಗ ಹಾಕಬಹುದಾದ ಕೋಣೆ ದೊರೆತುದು ಆ ದಿನವೇ ಮೊದಲೆಂದರೆ ಅತಿಶಯೋಕ್ತಿಯಾಗಲಾರದು. ಸ್ನಾನಕ್ಕೆ ಹೋದರೆ ತೊಟ್ಟಿಯಲ್ಲಿರುವುದು ಬಿಸಿ ಮಾಡಿದ ಉಪ್ಪುನೀರು. ಮೈತೊಳೆದುಕೊಂಡ ಮೇಲೆ ಸುರಿದುಕೊಳ್ಳಲು ಚಿಕ್ಕ ಪಾತ್ರೆಯಲ್ಲಿ ಸಿಹಿನೀರು. ಸಮುದ್ರಸ್ನಾನಕ್ಕೆ ಪರ್ವಕಾಲವನ್ನು ಎಣಿಸುತ್ತಿದ್ದ ಮನೆತನದವರಿಗೆ ಸಮುದ್ರವೇ ಕೊಳಾಯಿಯಲ್ಲಿ ಬಂದಿದ್ದಿತು.

ಮೊದಲ ದಿನದ ಕಷ್ಟವೆಲ್ಲ ಊಟದ ಘಂಟೆಯೊಡನೆ ಬರುವುದು. ಮೇಜಿನ ಮೇಲೆ ಸಾಲುಗಟ್ಟಿದ ಮುಳ್ಳುಚಮಚಗಳು. ಎದುರು ಕುಳಿತ ಅಪರಿಚಿತರು. ಹೆಸರಿನಿಂದ ಪದಾರ್ಥವನ್ನು ಊಹಿಸಲಾಗದ ಊಟದ ಪಟ್ಟಿ. ಸಸ್ಯಾಹಾರಿಗೆ ಬೇಯಿಸಿದ ಆಲೂಗಡ್ಡೆ, ರೊಟ್ಟಿ, ಬೆಣ್ಣೆ, ಅನ್ನ, ಹಣ್ಣು. ಊರಿನಿಂದ ತಂದ ಚಟ್ಣಿಪುಡಿ, ಕೊಬ್ಬರಿ, ಹುರಿಟ್ಟು, ನಿಂಬೆಯ ಉಪ್ಪಿನಕಾಯಿಗಳು ಟ್ರಂಕಿನಿಂದ ಹೊರಬರುವುದು ಆಗಲೇ. ಶಾಸ್ತ್ರಕಾರರು ಅಂಜಿದ್ದ ಆ ಅನ್ನದ ಪ್ರಶ್ನೆಗೆ ಉತ್ತರ ದೊರೆತುದು ಹೆಂಡತಿಯು ಜೊತೆಗೆ ಬಂದುದರಿಂದಲೇ ಎಂದು ನಾನು ಭಾವಿಸುತ್ತೇನೆ. ಅವಳು ಬಂದಲ್ಲಿಗೆ ಅಡುಗೆಮನೆಯ ಒಂದು ಮೂಲೆಯೂ ಬಂದಿತು. ಕಾಯುವುದಕ್ಕೆ ಊರಿನಲ್ಲಿ ಕುಳಿತಿರಬೇಕಾದ ಅಗತ್ಯವಿರಲಿಲ್ಲ.

ಸಂಜೆಗೆ ಕೊಲಾಬದ ದೀಪಸ್ತಂಭ ಹಿಂದಾಗುವುದು. ಸಹ್ಯಾದ್ರಿಯ ಗೆರೆ ಮೊದಲು ನೀಲಿಯಾಗಿ, ಬೂದಿಯಾಗಿ, ಇಲ್ಲವಾಗುವುದು. ಬೆಟ್ಟವಿಲ್ಲದ ದಿಗಂತವನ್ನು ದೇವರಾಯನದುರ್ಗದ ಮಗ್ಗುಲಿನವರು ಎಂದಾದರೂ ಕಂಡಿದ್ದರೇ? ಏಡನ್ನಿಗೆ 1600 ನಾಟಿಕಲ್ ಮೈಲಿಗೂ ಮೀರಿದ ದಾರಿ. ನಾಲ್ಕೈದು ಹಗಲು ನೀರು, ನಾಲ್ಕೈದು ಇರುಳು ನೀರು. ಪಡುವಣಕ್ಕೆ ಸಾಗುವ ಹಡಗಿನ ಗಡಿಯಾರಗಳನ್ನು ರಾತ್ರಿ ಹಿಂದಕ್ಕೆ ತಿರುಗಿಸುವರು. ಕೈಗಡಿಯಾರವನ್ನು ತಿರುಗಿಸದೆ ಊರಿನ ವೇಳೆಯಲ್ಲಿಯೇ ಬಿಟ್ಟುಕೊಳ್ಳುವವರೂ ಉಂಟು.

ಈ ಮಹಾನೌಕೆಗಳ ಕಾಲ ಬಹಳ ದಿನ ಉಳಿಯಲಿಲ್ಲ. 1948ರ ಜೂನ್ 8ರಂದು ಏರ್ ಇಂಡಿಯಾದ ವಿಮಾನವು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. 1967ರಿಂದ 1975ರವರೆಗೆ ಸುಯೆಜ್ ಮುಚ್ಚಿದ್ದಿತು. ಹಡಗು ದಾರಿಯಾಗಿ ಉಳಿಯಲಿಲ್ಲ. ಈಗ ಅದು ಮರಳಿ ಬಂದಿರುವುದು ವಿಹಾರವಾಗಿ. 2021ರ ಸೆಪ್ಟೆಂಬರಿನಿಂದ ಮುಂಬಯಿಯಿಂದ ಹೊರಡುತ್ತಿರುವ ಕಾರ್ಡೀಲಿಯಾ ವಿಹಾರನೌಕೆ ಗೋವೆ, ಲಕ್ಷದ್ವೀಪಗಳತ್ತ ಜನರನ್ನು ಒಯ್ದು ಮರಳಿ ತರುತ್ತಿದೆ. ನವಮಂಗಳೂರು ಬಂದರಿಗೆ ವಿದೇಶದ ವಿಹಾರನೌಕೆಗಳು ಬಂದು ನಿಲ್ಲುತ್ತವೆ. ತುಮಕೂರಿನ ದಂಪತಿಗಳಿಗೆ ಇಂದು ಜಾತಿಯ ಭಯವಿಲ್ಲ, ಕಫನಿನ ಬಟ್ಟೆ ಬೇಡ, ಚಟ್ಣಿಪುಡಿಯೂ ಐಚ್ಛಿಕ. ಹೋಗಬೇಕಾದ ಊರೆಂಬುದೊಂದಿಲ್ಲ, ಹಡಗೇ ಊರು.

ಮೊದಲ ದಿನದ ಒಂದು ಕಟ್ಟಳೆ ಮಾತ್ರ ಅಂದಿನಂತೆ ಇಂದಿಗೂ ಇದೆ. 1912ರಲ್ಲಿ ಟೈಟಾನಿಕ್ ಮುಳುಗಿದ ತರುವಾಯ, 1914ರಲ್ಲಿ ಸೇರಿದ ರಾಷ್ಟ್ರಗಳು ಪ್ರಾಣರಕ್ಷಣೆಯ ಒಪ್ಪಂದವನ್ನು ಮಾಡಿದುದರಿಂದ ಬೆಳೆದು ಬಂದ ಕಟ್ಟಳೆ ಅದು. ಅಪಾಯದ ಕವಾಯತಿಗೆ ಹಡಗಿನ ಏಳು ಕಿರುಗೂಗು, ಒಂದು ನೀಳಗೂಗು. ಎಲ್ಲರೂ ತಮಗೆ ಗೊತ್ತಾದ ಎಡೆಯಲ್ಲಿ ಸೇರಬೇಕು. ಸ್ಟ್ರಾತ್‌ನೇವರಿನ ಕಾಲದಲ್ಲಿ ಬೆಂಡಿನ ದಪ್ಪ ಪಟ್ಟಿಯನ್ನು ಕತ್ತಿನಿಂದ ಇಳಿಯಬಿಟ್ಟು, ಅದರ ಲಾಡಿಗಳನ್ನು ಬಿಗಿಯಾಗಿ ಕಟ್ಟಿಕೊಂಡು ನಿಲ್ಲಬೇಕಾಗಿದ್ದಿತು. ಬೆನ್ನ ಕಡೆಯ ಗಂಟು ತನ್ನ ಕೈಗೆ ತಾನೇ ಎಟುಕುವುದು ಕಷ್ಟ. ಹಿರಿಯರ ಎದುರಿನಲ್ಲಿ ಹೆಂಡತಿಯ ಹೆಸರನ್ನೂ ಹಿಡಿದು ಕರೆಯದವನು, ನೂರಾರು ಅಪರಿಚಿತರ ನಡುವೆ, ಗಾಳಿಗೆ ಹಾರುವ ಸೆರಗನ್ನು ಒತ್ತಟ್ಟಿಗೆ ಸರಿಸಿ ಅವಳ ಗಂಟನ್ನು ಬಿಗಿದನು. ಬಳಿಕ ತಿರುಗಿ ನಿಂತನು, ಅವನದನ್ನು ಅವಳು ಬಿಗಿದಳು.